ಓದುಗರ ಪ್ರಶ್ನೆ: ಫೈಬರ್ ಪೆಟ್ಟಿಗೆ ಕಂಪನಿಯದು, ರೂಟರ್ ನಮ್ಮದು

ಇಂಟರ್ನೆಟ್ ಕಂಪನಿಯವರು ಮನೆಯಲ್ಲಿ ಕೂರಿಸಿ ಹೋದ ಫೈಬರ್ ರೂಟರನ್ನು ತೆಗೆದು ನಮ್ಮದೇ ರೂಟರ್ ಹಾಕಿಕೊಳ್ಳಬಹುದೇ ಎಂದು ಕೇಳುವ ಪತ್ರಗಳು ಕೆಲವು ತಿಂಗಳಿಂದ ಮೇಲಿಂದ ಮೇಲೆ ಬರುತ್ತಿವೆ. ಒಂದೊಂದಕ್ಕೆ ಒಂದೊಂದು ಸಾಲಿನಲ್ಲಿ ಉತ್ತರಿಸಿದರೆ ಅರ್ಧ ತಿಳಿದು ಅರ್ಧ ಕೆಡುವ ಅಪಾಯವಿರುವುದರಿಂದ ಈ ಸಲದ ಪುಟಗಳನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮದು ದಪ್ಪ ಮಣ್ಣುಗೋಡೆಯ ಹಳೆಯ ಮನೆ. ಫೈಬರ್ ಹಾಕಲು ಬಂದವರು ಜಗಲಿಯ ಮೂಲೆಯಲ್ಲಿ, ಮೀಟರ್ ಬೋರ್ಡಿನ ಪಕ್ಕ ಬಿಳಿಯ ಪೆಟ್ಟಿಗೆಯೊಂದನ್ನು ಕೂರಿಸಿದರು. ಜಗಲಿಯಲ್ಲಿ ವೇಗ ಚೆನ್ನಾಗಿದೆ. ಒಳಕೋಣೆಯಲ್ಲಿ ಕೂತು ಕಚೇರಿ ಕೆಲಸ ಮಾಡುವ ಮಗಳಿಗೆ ಮಾತ್ರ ಮೀಟಿಂಗಿನ ನಡುವೆ ಸಂಪರ್ಕ ಕಡಿಯುತ್ತದೆ. ಶಿವಮೊಗ್ಗದ ಅಂಗಡಿಯಲ್ಲಿ ನಾಲ್ಕು ಆಂಟೆನಾದ ರೂಟರ್ ನೋಡಿ ಬಂದಿದ್ದೇನೆ. ಬಿಳಿಯ ಪೆಟ್ಟಿಗೆ ಬಿಚ್ಚಿ, ಅದೇ ಫೈಬರ್ ಪಿನ್ನನ್ನು ಹೊಸದಕ್ಕೆ ಸಿಕ್ಕಿಸಿದರೆ ಆಗುತ್ತದೆಯೇ?
— ಒಬ್ಬ ಓದುಗರು, ತೀರ್ಥಹಳ್ಳಿ

ಉತ್ತರ: ಆಗುವುದಿಲ್ಲ. ಅಂಗಡಿಯ ರೂಟರಿನಲ್ಲಿ ಫೈಬರ್ ಪಿನ್ ಕೂರುವ ಕಿಂಡಿಯೇ ಇರುವುದಿಲ್ಲ.

ನಿಮ್ಮ ಬಿಳಿಯ ಪೆಟ್ಟಿಗೆ ಒಂದೇ ಮುಚ್ಚಳದೊಳಗೆ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ. ಗಾಜಿನ ಎಳೆಯಲ್ಲಿ ಬಂದ ಬೆಳಕನ್ನು ವಿದ್ಯುತ್ ಸಂಕೇತವಾಗಿ ಬದಲಿಸುವುದು ಮೊದಲನೆಯದು. ಆ ಭಾಗಕ್ಕೆ ಓಎನ್‌ಟಿ ಎಂದು ಹೆಸರು. ಮನೆಯ ಫೋನು, ಟಿವಿ, ಲ್ಯಾಪ್‌ಟಾಪ್‌ಗಳಿಗೆ ವಿಳಾಸ ಹಂಚಿ, ವೈಫೈ ನಡೆಸಿ, ಹೊರಗಿನಿಂದ ಕರೆಯದೆ ಬರುವವರನ್ನು ತಡೆಯುವುದು ಎರಡನೆಯದು. ರೂಟರ್ ಎಂಬ ಹೆಸರಿಗೆ ನಿಜವಾಗಿ ಸಲ್ಲುವುದು ಈ ಎರಡನೆಯ ಕೆಲಸ ಮಾತ್ರ, ಮತ್ತು ನೀವು ಅಂಗಡಿಯಲ್ಲಿ ನೋಡಿದ ಸಾಧನಕ್ಕೆ ಗೊತ್ತಿರುವುದೂ ಅದೊಂದೇ.

ಮೊದಲನೆಯ ಕೆಲಸವನ್ನು ಕಂಪನಿಗಳು ಸುಲಭವಾಗಿ ಬಿಟ್ಟುಕೊಡದಿರುವುದಕ್ಕೆ ಒಪ್ಪತಕ್ಕ ಕಾರಣವಿದೆ. ನಮ್ಮ ಊರುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಜಿಪಾನ್ ಎಂಬ ವ್ಯವಸ್ಥೆ. ಎಕ್ಸ್‌ಚೇಂಜಿನಿಂದ ಹೊರಟ ಒಂದೇ ಎಳೆ ದಾರಿಯಲ್ಲಿ ಸ್ಪ್ಲಿಟರ್ ಎಂಬ, ಕರೆಂಟೇ ಬೇಡದ ಪುಟ್ಟ ಸಾಧನದ ಮೂಲಕ 32 ಅಥವಾ 64 ಮನೆಗಳಿಗೆ ಕವಲೊಡೆಯುತ್ತದೆ. ಆ ಕಡೆಯಿಂದ 1490 ನ್ಯಾನೋಮೀಟರ್ ಅಲೆಯುದ್ದದಲ್ಲಿ ಸೆಕೆಂಡಿಗೆ ಸುಮಾರು 2.5 ಗಿಗಾಬಿಟ್ ವೇಗದಲ್ಲಿ ಬರುವ ಬೆಳಕು ಅಷ್ಟೂ ಮನೆಗಳಿಗೆ ಒಟ್ಟಿಗೇ ತಲುಪುತ್ತದೆ. ಪ್ರತಿ ಪೆಟ್ಟಿಗೆಯೂ ತನಗೆ ಸೇರಿದ್ದನ್ನಷ್ಟೇ ಆರಿಸಿಕೊಳ್ಳುತ್ತದೆ. ಮನೆಗಳಿಂದ ಹಿಂದಿರುಗುವ ಬೆಳಕು 1310 ನ್ಯಾನೋಮೀಟರ್‌ನದು. ಅಲ್ಲಿ ಇಬ್ಬರು ಒಟ್ಟಿಗೆ ಮಾತನಾಡಿದರೆ ಎರಡೂ ಕೆಡುತ್ತವೆ, ಹಾಗಾಗಿ ಎಕ್ಸ್‌ಚೇಂಜಿನ ಯಂತ್ರ ಪ್ರತಿ ಪೆಟ್ಟಿಗೆಗೂ ಕ್ಷಣಾರ್ಧದ ಸರದಿ ಗೊತ್ತುಮಾಡಿಕೊಡುತ್ತದೆ. ಸರದಿ ಸಿಗಬೇಕಾದರೆ ಪೆಟ್ಟಿಗೆಯ ತಳದ ಚೀಟಿಯಲ್ಲಿರುವ ಸೀರಿಯಲ್ ನಂಬರ್ ಅಲ್ಲಿ ದಾಖಲಾಗಿರಬೇಕು. ಸರದಿ ಮೀರಿ ಸದಾ ಬೆಳಕು ಬಿಡುವ ಒಂದೇ ಒಂದು ಕೆಟ್ಟ ಪೆಟ್ಟಿಗೆ ಅದೇ ಕವಲಿನ ನೆರೆಮನೆಗಳೆಲ್ಲದರ ಸಂಪರ್ಕವನ್ನು ನಿಲ್ಲಿಸಬಲ್ಲದು.

ಆದ್ದರಿಂದ ಬೆಳಕಿನ ಕೆಲಸವನ್ನು ಕಂಪನಿಯ ಪೆಟ್ಟಿಗೆಗೇ ಬಿಟ್ಟು, ರೂಟರಿನ ಕೆಲಸವನ್ನು ನಾವು ವಹಿಸಿಕೊಳ್ಳುವುದೇ ಹೆಚ್ಚಿನ ಮನೆಗಳಿಗೆ ಸರಿಯಾದ ದಾರಿಯೆಂದು ನಾನು ನಂಬಿದ್ದೇನೆ. ನಿಮಗಂತೂ ಅಷ್ಟೂ ಬೇಕಾಗಿಲ್ಲ. ಒಂದೂವರೆ ಅಡಿಯ ಮಣ್ಣುಗೋಡೆ ಎರಡು ದಾಟಬೇಕಾದ ಕಡೆ ನಾಲ್ಕು ಆಂಟೆನಾ ಇದ್ದರೂ ಎಂಟು ಇದ್ದರೂ ಫಲ ಅಷ್ಟಕ್ಕಷ್ಟೇ. ಅದರಲ್ಲೂ 5 ಗಿಗಾಹರ್ಟ್ಸ್ ವೈಫೈ ದಪ್ಪ ಗೋಡೆಗೆ ಬೇಗ ಸೋಲುತ್ತದೆ. ಜಗಲಿಯಿಂದ ಒಳಕೋಣೆಗೆ ಮಾಡಿನ ಅಡಿಯಲ್ಲಿ ಒಂದು ಕ್ಯಾಟ್ 6 ಲ್ಯಾನ್ ಕೇಬಲ್ ಎಳೆಸಿ, ಹೊಸ ರೂಟರನ್ನು ಮಗಳು ಕೂರುವ ಕೋಣೆಯಲ್ಲೇ ಇಟ್ಟು, ಅದರ ಸೆಟ್ಟಿಂಗಿನಲ್ಲಿ ಆಕ್ಸೆಸ್ ಪಾಯಿಂಟ್ (ಕೇಬಲ್ಲಿನಲ್ಲಿ ಬಂದದ್ದನ್ನು ವೈಫೈ ಆಗಿ ಹರಡುವುದಷ್ಟೇ ಇದರ ಕೆಲಸ) ಎಂಬುದನ್ನು ಆಯ್ದುಕೊಳ್ಳಿ. ಆ ಕೇಬಲ್ 100 ಮೀಟರ್‌ವರೆಗೆ ಧಾರಾಳವಾಗಿ ನಡೆಯುತ್ತದೆ. ಕಂಪನಿಯವರನ್ನು ಕೇಳುವ ಪ್ರಮೇಯವೇ ಬರುವುದಿಲ್ಲ.

ಪ್ರಶ್ನೆ: ನಮ್ಮ ಮನೆಯಲ್ಲಿ ಫೋನು, ಟಿವಿ, ಕ್ಯಾಮೆರಾ ಎಲ್ಲ ಸೇರಿ ಇಪ್ಪತ್ತಕ್ಕೂ ಹೆಚ್ಚು ಸಾಧನಗಳಿವೆ. ಕಂಪನಿಯ ರೂಟರ್ ಎರಡು ಮೂರು ದಿನಕ್ಕೊಮ್ಮೆ ಹ್ಯಾಂಗ್ ಆಗುತ್ತದೆ, ಅದರ ಸೆಟ್ಟಿಂಗ್ ಪುಟದಲ್ಲಿ ಅರ್ಧ ಆಯ್ಕೆಗಳಿಗೆ ಬೀಗ. ಬ್ರಿಡ್ಜ್ ಮೋಡ್ ಮಾಡಿಸಿ ಸ್ವಂತ ರೂಟರ್ ಹಾಕಬೇಕೆಂದಿದ್ದೇನೆ. ಯಾವ ಕ್ರಮದಲ್ಲಿ ಮುಂದುವರಿಯಬೇಕು?
— ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮದು ಬ್ರಿಡ್ಜ್ ಮೋಡ್‌ಗೆ ತಕ್ಕ ಮನೆ. ಆ ಮೋಡ್‌ನಲ್ಲಿ ಕಂಪನಿಯ ಪೆಟ್ಟಿಗೆ ಬೆಳಕನ್ನು ವಿದ್ಯುತ್ತಾಗಿಸಿ ಲ್ಯಾನ್ ಕೇಬಲ್‌ಗೆ ದಾಟಿಸುವುದಷ್ಟಕ್ಕೇ ನಿಲ್ಲುತ್ತದೆ. ಲಾಗಿನ್, ವಿಳಾಸ ಹಂಚಿಕೆ, ವೈಫೈ, ಕಾವಲು ಎಲ್ಲವೂ ನಿಮ್ಮ ರೂಟರಿನ ಪಾಲಿಗೆ ಬರುತ್ತವೆ.

ಕ್ರಮದ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು: ವಿವರಗಳೆಲ್ಲ ಕೈಗೆ ಬರುವ ಮೊದಲು ಕಂಪನಿಯ ಪೆಟ್ಟಿಗೆಯ ಒಂದು ಗುಂಡಿಯನ್ನೂ ಮುಟ್ಟಬೇಡಿ. ಕೆಲವು ವರ್ಷಗಳ ಹಿಂದೆ, ಒಂದು ಶನಿವಾರ ಸಂಜೆ, ಸೆಟ್ಟಿಂಗ್ ಪುಟದ ಪಾಸ್‌ವರ್ಡ್ ಗೊತ್ತಿಲ್ಲದೆ ನಾನು ಹಿಂಬದಿಯ ಸಣ್ಣ ತೂತಿಗೆ ಪಿನ್ ಹಾಕಿ ಹತ್ತು ಸೆಕೆಂಡು ರೀಸೆಟ್ ಒತ್ತಿದೆ. ದೀಪಗಳು ಆರಿ ಹತ್ತಿದವು, ಫೈಬರ್ ಸಾಲು ಸರಿಯಿದೆಯೆಂದು ತೋರುವ ಪಾನ್ ಎಂಬ ದೀಪ ಹಸಿರಾಗಿ ನಿಂತಿತು, ಇಂಟರ್ನೆಟ್ ದೀಪ ಮಾತ್ರ ಹತ್ತಲಿಲ್ಲ. ಲೈನ್‌ಮನ್ ಅದರೊಳಗೆ ತುಂಬಿಸಿದ್ದ ಬಳಕೆದಾರ ಹೆಸರು, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಎಲ್ಲವೂ ಅಳಿಸಿಹೋಗಿದ್ದವು. ಸಹಾಯವಾಣಿಯಲ್ಲಿ ಮಾತನಾಡಿದವರಿಗೆ ವಿಲ್ಯಾನ್ ಎಂದರೇನೆಂದೇ ತಿಳಿದಿರಲಿಲ್ಲ. ಸೋಮವಾರ ಮಧ್ಯಾಹ್ನ ಲೈನ್‌ಮನ್ ಬಂದ ಮೇಲೆಯೇ ಮನೆಗೆ ಇಂಟರ್ನೆಟ್ ಮರಳಿದ್ದು.

ಹಾಗಾಗಿ ಮೊದಲು ಕಂಪನಿಗೆ, ಸಾಧ್ಯವಾದರೆ ಇಮೇಲ್‌ನಲ್ಲಿ, ಈ ವಿವರಗಳನ್ನು ಕೇಳಿ: ಲಾಗಿನ್ ನಡೆಯುವುದು ಪಿಪಿಪಿಒಇ (ಹೆಸರು, ಪಾಸ್‌ವರ್ಡ್ ಕೊಟ್ಟು ಸಂಪರ್ಕ ಪಡೆಯುವ ಪದ್ಧತಿ) ಮೂಲಕವೋ ಅಥವಾ ವಿಳಾಸ ತಾನಾಗಿ ಸಿಗುತ್ತದೆಯೋ, ಪಿಪಿಪಿಒಇ ಆದರೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಏನು (ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿ ಇದೇ ಪದ್ಧತಿ), ವಿಲ್ಯಾನ್ ಸಂಖ್ಯೆ ಎಷ್ಟು, ಬ್ರಿಡ್ಜ್ ಆದ ಮೇಲೆ ಅದನ್ನು ಪೆಟ್ಟಿಗೆಯೇ ಸೇರಿಸುತ್ತದೆಯೋ ಅಥವಾ ನನ್ನ ರೂಟರಿನಲ್ಲಿ ತುಂಬಬೇಕೋ, ಸಂಪರ್ಕವನ್ನು ಹಳೆಯ ಸಾಧನದ ಮ್ಯಾಕ್ ವಿಳಾಸಕ್ಕೆ (ಕಾರ್ಖಾನೆಯಲ್ಲೇ ಕೊಟ್ಟ ಗುರುತಿನ ಸಂಖ್ಯೆಗೆ) ಕಟ್ಟಿಹಾಕಿದ್ದಾರೆಯೋ, ಹಾಗಿದ್ದರೆ ಬಿಡಿಸಿಕೊಡುತ್ತಾರೆಯೋ. ವಿಲ್ಯಾನ್ ಎಂದರೆ ಒಂದೇ ತಂತಿಯೊಳಗೆ ಇಂಟರ್ನೆಟ್ಟನ್ನೂ ಫೋನನ್ನೂ ಬೇರೆ ಬೇರೆ ಸಾಲಿನಲ್ಲಿ ಸಾಗಿಸಲು ಹಚ್ಚುವ ನಂಬರ್. ಒಂದು ಅಂಕಿ ತಪ್ಪಿದರೂ ದೀಪಗಳೆಲ್ಲ ಹಸಿರಾಗಿದ್ದು ಇಂಟರ್ನೆಟ್ ಮಾತ್ರ ಬರುವುದಿಲ್ಲ.

ಉತ್ತರ ಬಂದ ಮೇಲೆ ಹಳೆಯ ಪೆಟ್ಟಿಗೆಯಲ್ಲಿ ನಿಮಗೆ ಕಾಣುವ ಪ್ರತಿ ಸೆಟ್ಟಿಂಗ್ ಪುಟವನ್ನೂ ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಹೊಸ ರೂಟರಿಗೆ ಹಳೆಯ ವೈಫೈ ಹೆಸರನ್ನೂ ಪಾಸ್‌ವರ್ಡನ್ನೂ ಅಕ್ಷರ ತಪ್ಪದಂತೆ ಕೊಟ್ಟುಬಿಟ್ಟರೆ ನಿಮ್ಮ ಇಪ್ಪತ್ತು ಸಾಧನಗಳಲ್ಲಿ ಬಹುಪಾಲು ತಾವಾಗಿಯೇ ಸೇರಿಕೊಳ್ಳುತ್ತವೆ. ಕ್ಯಾಮೆರಾ, ಟಿವಿಗಳ ಮುಂದೆ ಒಂದೊಂದಾಗಿ ಕೂತು ಪಾಸ್‌ವರ್ಡ್ ತುಂಬುವ ಶ್ರಮ ಉಳಿಯುತ್ತದೆ. ಬಳಿಕ ಪೆಟ್ಟಿಗೆಯನ್ನು ಬ್ರಿಡ್ಜ್‌ಗೆ ಬದಲಿಸಿಕೊಂಡು, ಅದರ ವೈಫೈ ಆಫ್ ಮಾಡಿ, ಅದರ ಲ್ಯಾನ್ ಕಿಂಡಿಯಿಂದ ನಿಮ್ಮ ರೂಟರಿನ ವ್ಯಾನ್ (ಹೊರಗಿನ ಇಂಟರ್ನೆಟ್ ಒಳಬರುವ) ಕಿಂಡಿಗೆ ಕೇಬಲ್ ಕೊಡಿ. ಕಡಿಮೆ ಬೆಲೆಯ ಹಲವು ಪೆಟ್ಟಿಗೆಗಳಲ್ಲಿ ಎರಡು ಲ್ಯಾನ್ ಕಿಂಡಿಗಳಿದ್ದು, ಒಂದು ಮಾತ್ರ ಗಿಗಾಬಿಟ್ ವೇಗದ್ದಾಗಿರುತ್ತದೆ, ಇನ್ನೊಂದು 100 ಎಂಬಿಪಿಎಸ್‌ಗೆ ನಿಲ್ಲುತ್ತದೆ. 200 ಎಂಬಿಪಿಎಸ್ ಪ್ಲಾನ್ ತೆಗೆದುಕೊಂಡು 94 ರ ಮೇಲೆ ಏರುತ್ತಿಲ್ಲವೆಂದು ಬರೆಯುವವರು ಮೊದಲು ನೋಡಬೇಕಾದದ್ದು ಈ ಕಿಂಡಿಯನ್ನು, ಆಮೇಲೆ ಕೇಬಲ್ಲನ್ನು.

ಹೆಸರು, ಪಾಸ್‌ವರ್ಡ್ ಸರಿಯಿದ್ದೂ ಲಾಗಿನ್ ಆಗದಿದ್ದರೆ ಗಾಬರಿಯಾಗಬೇಡಿ. ಹಳೆಯ ಲಾಗಿನ್ ಆ ಕಡೆಯ ಯಂತ್ರದಲ್ಲಿ ಇನ್ನೂ ಜೀವಂತವಾಗಿರಬಹುದು. ಎರಡೂ ಸಾಧನಗಳನ್ನು ಹದಿನೈದು ನಿಮಿಷ ಆರಿಸಿಟ್ಟು ಮತ್ತೆ ಹಚ್ಚಿ ನೋಡಿ. ಸಂಪರ್ಕ ಬಂದಿದ್ದೂ ಕೆಲವೇ ಕೆಲವು ಜಾಲತಾಣಗಳು ಅರ್ಧಕ್ಕೆ ನಿಂತರೆ ಒಂದು ಸಲಕ್ಕೆ ಕಳಿಸುವ ಮಾಹಿತಿ ತುಣುಕಿನ ಗರಿಷ್ಠ ಗಾತ್ರ ಹೇಳುವ ಎಂಟಿಯು ಎಂಬ ಜಾಗದಲ್ಲಿ 1492 ಇದೆಯೇ ನೋಡಿ. ಸಾಮಾನ್ಯ ಗಾತ್ರವಾದ 1500 ಬೈಟ್‌ಗಳಲ್ಲಿ 8 ಬೈಟ್‌ಗಳನ್ನು ಪಿಪಿಪಿಒಇ ತನಗಾಗಿ ಬಳಸಿಕೊಳ್ಳುತ್ತದೆ.

ಬ್ರಿಡ್ಜ್ ಮಾಡಿಕೊಡುವುದಿಲ್ಲವೆಂದು ಹೇಳುವ ಕಂಪನಿಗಳೂ ಇವೆ. ಆಗ ಎರಡು ರೂಟರುಗಳನ್ನು ಒಂದರ ಹಿಂದೊಂದು ನಡೆಸಬೇಕಾಗುತ್ತದೆ. ಎರಡಕ್ಕೂ ಕಾರ್ಖಾನೆಯಿಂದ 192.168.1.1 ಎಂಬ ಒಂದೇ ವಿಳಾಸವಿದ್ದರೆ ಒಂದಕ್ಕೊಂದು ಅಡ್ಡ ಬರುತ್ತವೆ, ನಿಮ್ಮದನ್ನು 192.168.50.1 ಎಂದು ಬದಲಿಸಿ, ಹಳೆಯದರ ವೈಫೈ ಆಫ್ ಮಾಡಿ, ಅದರ ಡಿಎಂಝಡ್ ಆಯ್ಕೆಯಲ್ಲಿ (ಹೊರಗಿನಿಂದ ಬಂದದ್ದನ್ನೆಲ್ಲ ಒಂದು ಸಾಧನಕ್ಕೆ ದಾಟಿಸುವ ಆಯ್ಕೆ) ನಿಮ್ಮ ರೂಟರಿನ ವ್ಯಾನ್ ಕಿಂಡಿಗೆ ಹಳೆಯದು ಕೊಟ್ಟಿರುವ ವಿಳಾಸ ಕೊಡಿ. ಹೊರಗಿನಿಂದ ಮನೆಯೊಳಗಿನ ಸಾಧನಗಳನ್ನು ಮುಟ್ಟುವ ಅಗತ್ಯವಿಲ್ಲದವರಿಗೆ ಈ ಏರ್ಪಾಡೂ ಚೆನ್ನಾಗಿ ನಡೆಯುತ್ತದೆ.

ಸ್ವಂತ ರೂಟರ್ ಎಂದ ಮೇಲೆ ಅದರ ಕಾಳಜಿಯೂ ನಮ್ಮದೇ. ಅಡ್ಮಿನ್ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಿ, ಪಾಸ್‌ವರ್ಡ್ ತುಂಬದೆ ವೈಫೈ ಸೇರಿಸುವ ಡಬ್ಲ್ಯುಪಿಎಸ್ ಗುಂಡಿಯ ಸೌಲಭ್ಯವನ್ನೂ ಹೊರಗಿನಿಂದ ನಿರ್ವಹಿಸುವ ಆಯ್ಕೆಯನ್ನೂ ಆಫ್ ಮಾಡಿ, ಹೊಸ ಫರ್ಮ್‌ವೇರ್ (ರೂಟರಿನೊಳಗಿನ ತಂತ್ರಾಂಶ) ತಾನಾಗಿ ಬರುವಂತೆ ಇಟ್ಟುಕೊಳ್ಳಿ. ಎಷ್ಟು ವರ್ಷ ಫರ್ಮ್‌ವೇರ್ ಕೊಡುತ್ತಾರೆಂದು ಕೊಳ್ಳುವಾಗಲೇ ವಿಚಾರಿಸುವುದು ಆಂಟೆನಾ ಎಣಿಸುವುದಕ್ಕಿಂತ ಮುಖ್ಯ.

ಪ್ರಶ್ನೆ: ಫೈಬರ್ ಜೊತೆಗೆ ಹಳೆಯ ಲ್ಯಾಂಡ್‌ಲೈನ್ ನಂಬರನ್ನೂ ಉಳಿಸಿಕೊಂಡಿದ್ದೇವೆ. ನೆಂಟರಿಷ್ಟರೆಲ್ಲರ ಬಳಿ ಇರುವುದು ಅದೇ ನಂಬರ್. ಸ್ವಂತ ರೂಟರ್ ಹಾಕಿದರೆ ಫೋನ್ ನಿಂತುಹೋಗುತ್ತದೆಯೇ?
— ಒಬ್ಬ ಓದುಗರು, ಪುತ್ತೂರು

ಉತ್ತರ: ಪೆಟ್ಟಿಗೆಯನ್ನೇ ತೆಗೆದರೆ ನಿಲ್ಲುತ್ತದೆ, ಬ್ರಿಡ್ಜ್ ಮಾಡಿದರೆ ನಿಲ್ಲಬೇಕಾಗಿಲ್ಲ. ಫೋನಿನ ತಂತಿ ಸೇರುವ ಚಿಕ್ಕ ಕಿಂಡಿ ಕಂಪನಿಯ ಪೆಟ್ಟಿಗೆಯಲ್ಲೇ ಇದೆ, ಮತ್ತು ಧ್ವನಿ ಬೇರೆಯೇ ವಿಲ್ಯಾನ್ ಸಂಖ್ಯೆಯಲ್ಲಿ ಬರುತ್ತದೆ. ಇಂಟರ್ನೆಟ್ಟಿನ ಸಾಲನ್ನು ಮಾತ್ರ ಬ್ರಿಡ್ಜ್ ಮಾಡಿ ಧ್ವನಿಯ ಸಾಲನ್ನು ಇದ್ದಂತೆಯೇ ಬಿಡಬೇಕೆಂದು ಕೆಲಸಕ್ಕೆ ಬಂದವರಿಗೆ ಸ್ಪಷ್ಟವಾಗಿ ಹೇಳಿ. ಅವರು ಹೊರಡುವ ಮುಂಚೆ ಒಮ್ಮೆ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ, ಒಮ್ಮೆ ಮೊಬೈಲಿನಿಂದ ಲ್ಯಾಂಡ್‌ಲೈನಿಗೆ ಕರೆ ಮಾಡಿ ನೋಡಿ. ಎರಡನೆಯದನ್ನು ಬಹಳ ಜನ ಮರೆಯುತ್ತಾರೆ.

ಪ್ರಶ್ನೆ: ಎರಡು ಪೆಟ್ಟಿಗೆಗಳ ಗೋಜಲೇ ನನಗೆ ಬೇಡ. ಫೈಬರನ್ನು ನೇರವಾಗಿ ರೂಟರಿಗೆ ಸೇರಿಸುವ, ಬೆರಳುದ್ದದ ಎಸ್‌ಎಫ್‌ಪಿ ಓಎನ್‌ಟಿ ಆನ್‌ಲೈನ್‌ನಲ್ಲಿ ಸಿಗುತ್ತದೆ. ಹಳೆಯ ಪೆಟ್ಟಿಗೆಯ ಸೀರಿಯಲ್ ನಂಬರನ್ನು ಅದಕ್ಕೆ ತುಂಬಿದರೆ ನಡೆಯುತ್ತದೆ ಎನ್ನುತ್ತಾರೆ. ನಿಮ್ಮ ಸಲಹೆ ಏನು?
— ಒಬ್ಬ ಓದುಗರು, ಬೆಂಗಳೂರು

ಉತ್ತರ: ತಾಂತ್ರಿಕವಾಗಿ ನಡೆಯಬಹುದು, ಆದರೂ ಕಂಪನಿಗೆ ಹೇಳದೆ ಸೀರಿಯಲ್ ನಂಬರ್ ನಕಲು ಮಾಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಸಾಧನ ಕೆಟ್ಟರೆ ತೊಂದರೆ ನಿಮ್ಮೊಬ್ಬರದಲ್ಲ, ಅದೇ ಕವಲಿನ ಹತ್ತಾರು ಮನೆಗಳದು. ನಾಳೆ ದೂರು ಕೊಡುವಾಗಲೂ ಕಂಪನಿಯ ಮುಂದೆ ನೀವು ದುರ್ಬಲರಾಗಿ ನಿಲ್ಲಬೇಕಾಗುತ್ತದೆ. ಕೇಳಿ ನೋಂದಾಯಿಸಿಕೊಳ್ಳುವ ದಾರಿ ಕೆಲವೆಡೆ ಇದೆ. ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿ ಗ್ರಾಹಕರೇ ಕೊಂಡು ತಂದ ಓಎನ್‌ಟಿಯ ಸೀರಿಯಲ್ ನಂಬರನ್ನು ದಾಖಲಿಸಿಕೊಡುವ ರೂಢಿಯಿದೆ.

ಹಾಗೆ ಕೊಳ್ಳುವುದಾದರೆ ನಿಮ್ಮ ಸಾಲು ಜಿಪಾನೋ ಅಥವಾ ಇಪಾನ್ ಎಂಬ ಇನ್ನೊಂದು ವ್ಯವಸ್ಥೆಯದೋ ಎಂದು ಮೊದಲು ತಿಳಿಯಿರಿ, ಒಂದರ ಸಾಧನ ಇನ್ನೊಂದಕ್ಕೆ ಆಗುವುದಿಲ್ಲ. ಪಿನ್ನಿನ ಬಣ್ಣವನ್ನೂ ನೋಡಿ. ಮನೆಗಳಿಗೆ ಸಾಮಾನ್ಯವಾಗಿ ಬರುವ ಹಸಿರು ಪಿನ್ನಿನ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ; ಅದನ್ನು ನೀಲಿ ಕಿಂಡಿಗೆ ಸಿಕ್ಕಿಸಿದರೆ ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಉಳಿದು ಬೆಳಕು ಸೋರುತ್ತದೆ. ಸಾಧನದ ಪುಟದಲ್ಲಿ ತೋರುವ ಬೆಳಕಿನ ಬಲ ಮೈನಸ್ 8 ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು, ಬೆಳಕು ಕ್ಷೀಣಿಸಿ ಮೈನಸ್ 25 ದಾಟಿತೆಂದರೆ ಮಳೆಗಾಲದಲ್ಲಿ ತೊಂದರೆ ಕಾದಿದೆಯೆಂದು ತಿಳಿಯಿರಿ. ಪಿನ್ನಿನ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಅದರೊಳಗೆ ಇಣುಕಿ ನೋಡಲೂಬೇಡಿ. ಆ ಬೆಳಕು ಕಣ್ಣಿಗೆ ಕಾಣುವ ಬಗೆಯದಲ್ಲ, ಇದೆಯೋ ಇಲ್ಲವೋ ನೋಡಿ ತಿಳಿಯುವಂತಿಲ್ಲ.

ಪ್ರಶ್ನೆ: ನಾನು ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ಫೈಬರ್ ಹಾಕಿಸಿಕೊಳ್ಳುವಾಗ ಕಂಪನಿಯ ರೂಟರನ್ನೇ ಬಾಡಿಗೆಗೆ ತೆಗೆದುಕೊಳ್ಳಬೇಕೇ?
— ಒಬ್ಬ ಓದುಗರು, ಮ್ಯೂನಿಕ್

ಉತ್ತರ: ಬೇಕಿಲ್ಲ. ಜರ್ಮನಿಯಲ್ಲಿ 2016ರ ಆಗಸ್ಟ್ 1ರಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ ಮನೆಯ ಸಾಧನವನ್ನು ಆರಿಸುವ ಹಕ್ಕು ಗ್ರಾಹಕರದು. ಅಲ್ಲಿನ ಜನ ಇದನ್ನು ರೂಟರ್ ಸ್ವಾತಂತ್ರ್ಯ ಎಂದೇ ಕರೆಯುತ್ತಾರೆ. ಕಂಪನಿಯ ಜಾಲ ಗೋಡೆಯ ಮೇಲಿನ ಕರೆಂಟಿಲ್ಲದ ಸಾಕೆಟ್ಟಿಗೆ ಮುಗಿಯುತ್ತದೆಂಬುದು ಆ ಕಾನೂನಿನ ನಿಲುವು; ಬೇಕಾದ ಲಾಗಿನ್ ವಿವರಗಳನ್ನು ಕೇಳದೆಯೇ, ಹಣ ಪಡೆಯದೆಯೇ ಕೊಡಬೇಕಾದದ್ದು ಕಂಪನಿಯ ಹೊಣೆ. ಡಾಯ್ಚ ಟೆಲಿಕಾಂ ಸಾಲಾದರೆ ರೂಟರಿನಲ್ಲಿ ವಿಲ್ಯಾನ್ 7 ಎಂದು ತುಂಬಬೇಕಾಗುತ್ತದೆ. ಇಲ್ಲಿ ಕರ್ನಾಟಕದ ಓದುಗರು ಅದೇ ಒಂದು ಸಂಖ್ಯೆಗಾಗಿ ಸಹಾಯವಾಣಿಗೆ ನಾಲ್ಕು ಸಲ ಕರೆ ಮಾಡಬೇಕಾದ ಸ್ಥಿತಿಯನ್ನು ನೋಡಿದಾಗ, ಒಪ್ಪಂದದ ದಿನವೇ ಈ ವಿವರಗಳ ಚೀಟಿಯೊಂದನ್ನು ಕೊಡುವ ನಿಯಮ ನಮ್ಮಲ್ಲೂ ಬರಬೇಕೆಂದು ನನಗೆ ಬಲವಾಗಿ ಅನ್ನಿಸುತ್ತದೆ.

ಪ್ರಶ್ನೆ: ಬ್ರಿಡ್ಜ್ ಮಾಡಿಸಿ ಸ್ವಂತ ರೂಟರ್ ಹಾಕಿಯಾಯಿತು. ಅಡಿಕೆ ಅಂಗಳದ ಕ್ಯಾಮೆರಾವನ್ನು ಊರ ಹೊರಗಿದ್ದಾಗ ನೋಡಲು ಪೋರ್ಟ್ ಫಾರ್ವರ್ಡಿಂಗ್ (ಹೊರಗಿನ ಕೋರಿಕೆಯನ್ನು ರೂಟರ್ ಒಳಗಿನ ಸಾಧನಕ್ಕೆ ದಾಟಿಸುವ ಏರ್ಪಾಡು) ಕೊಟ್ಟರೂ ಚಿತ್ರ ಬರುತ್ತಿಲ್ಲ.
— ಒಬ್ಬ ಓದುಗರು, ಶಿರಸಿ

ಉತ್ತರ: ರೂಟರಿನ ಸ್ಟೇಟಸ್ ಪುಟದಲ್ಲಿ ವ್ಯಾನ್ ವಿಳಾಸ ನೋಡಿ. ಅದು 100.64 ರಿಂದ 100.127 ರೊಳಗಿನ ಅಂಕಿಗಳಿಂದಲೋ 10 ರಿಂದಲೋ ಶುರುವಾಗಿದ್ದರೆ ಕಂಪನಿ ಒಂದೇ ಹೊರವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದೆ ಎಂದರ್ಥ. ಹೊರಗಿನಿಂದ ಬಂದ ಕರೆ ನಿಮ್ಮ ಮನೆಯ ಬಾಗಿಲಿಗೆ ತಲುಪುವುದೇ ಇಲ್ಲ, ಆದ್ದರಿಂದ ನಿಮ್ಮ ರೂಟರಿನಲ್ಲಿ ಏನು ಬದಲಿಸಿದರೂ ಫಲವಿಲ್ಲ. ತಿಂಗಳಿಗಿಷ್ಟೆಂದು ಹೆಚ್ಚುವರಿ ಹಣ ಕೊಟ್ಟು ಸ್ಟ್ಯಾಟಿಕ್ ಐಪಿ, ಅಂದರೆ ನಿಮಗೇ ಮೀಸಲಾದ ಬದಲಾಗದ ಹೊರವಿಳಾಸ, ಪಡೆಯಬಹುದು, ಅಥವಾ ಪ್ರತಿ ಸಾಧನಕ್ಕೂ ಸ್ವಂತ ವಿಳಾಸ ಕೊಡಬಲ್ಲ ಹೊಸ ಪದ್ಧತಿಯಾದ ಐಪಿವಿ6 ಇದೆಯೇ ವಿಚಾರಿಸಬಹುದು.

ವಿಳಾಸ ಸಿಕ್ಕ ಮೇಲೂ ಕ್ಯಾಮೆರಾದ ಪೋರ್ಟನ್ನು ನೇರವಾಗಿ ತೆರೆದಿಡಬೇಡಿ ಎಂಬುದು ನನ್ನ ಕಳಕಳಿಯ ವಿನಂತಿ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕಾರ್ಖಾನೆಯ ಪಾಸ್‌ವರ್ಡನ್ನೇ ಉಳಿಸಿಕೊಂಡಿದ್ದ ಲಕ್ಷಾಂತರ ಕ್ಯಾಮೆರಾ, ರೂಟರುಗಳನ್ನು ವಶಪಡಿಸಿಕೊಂಡು, ಆ ವರ್ಷದ ಅಕ್ಟೋಬರ್‌ನಲ್ಲಿ ಹೆಸರಾಂತ ಜಾಲತಾಣಗಳು ಗಂಟೆಗಟ್ಟಲೆ ಸಿಗದಂತೆ ಮಾಡಿತ್ತು. ರೂಟರಿನಲ್ಲಿ ವೈರ್‌ಗಾರ್ಡ್‌ನಂಥ ವಿಪಿಎನ್ (ಹೊರಗಿನಿಂದ ಮನೆಯ ಜಾಲಕ್ಕೆ ಸುರಕ್ಷಿತ ಗುಪ್ತ ದಾರಿ) ಇದ್ದರೆ ಅದನ್ನು ಚಾಲೂ ಮಾಡಿ, ಫೋನಿನಿಂದ ಮೊದಲು ಮನೆಯ ಜಾಲಕ್ಕೆ ಸೇರಿ, ಬಳಿಕ ಕ್ಯಾಮೆರಾ ನೋಡಿ.

ಪ್ರಶ್ನೆ: ನಮ್ಮಲ್ಲಿ ಕರೆಂಟ್ ಹೋಗುವುದು, ಸಿಡಿಲು ಬಡಿಯುವುದು ಎರಡೂ ಹೆಚ್ಚು. ಒಂದು ಪೆಟ್ಟಿಗೆಯ ಬದಲು ಎರಡು ಇಟ್ಟರೆ ತೊಂದರೆಯೂ ಎರಡರಷ್ಟಾಗುವುದಿಲ್ಲವೇ?
— ಒಬ್ಬ ಓದುಗರು, ಕೊಪ್ಪ

ಉತ್ತರ: ಕರೆಂಟಿನ ಮಟ್ಟಿಗೆ ನಿಮ್ಮ ಮಾತು ಸರಿ, ಎರಡಕ್ಕೂ ಬ್ಯಾಕಪ್ ಇಲ್ಲದೆ ಒಂದಕ್ಕೆ ಮಾತ್ರ ಇದ್ದರೆ ಪ್ರಯೋಜನವಿಲ್ಲ. ರೂಟರಿಗೆಂದೇ ಬರುವ 12 ವೋಲ್ಟ್‌ನ ಮಿನಿ ಯುಪಿಎಸ್‌ಗಳಲ್ಲಿ ಎರಡು ಸಾಧನಗಳನ್ನು ನಡೆಸುವವೂ ಇವೆ. ಎರಡು ಅಡಾಪ್ಟರುಗಳ ಮೇಲೆ ಬರೆದಿರುವ ಆಂಪಿಯರ್‌ಗಳನ್ನು ಕೂಡಿಸಿ, ಯುಪಿಎಸ್ ಅದಕ್ಕಿಂತ ಹೆಚ್ಚು ಕೊಡುತ್ತದೆಯೇ ನೋಡಿ ಕೊಳ್ಳಿ. ವೋಲ್ಟ್ ಬೇರೆಯಾಗಿದ್ದರೆ ಪಿನ್ ಕೂತರೂ ಸಿಕ್ಕಿಸಬೇಡಿ.

ಸಿಡಿಲಿನ ವಿಷಯ ಬೇರೆ. ಗಾಜಿನ ಎಳೆ ವಿದ್ಯುತ್ತನ್ನು ಒಯ್ಯುವುದಿಲ್ಲ, ಆದರೆ ಕಂಬದಿಂದ ಮನೆಗೆ ಎಳೆದ ಕಪ್ಪು ಕೇಬಲ್ಲಿಗೆ ಭಾರ ತಡೆಯಲೆಂದು ಉಕ್ಕಿನ ತಂತಿ ಸೇರಿಸಿರುವುದುಂಟು. ಆ ತಂತಿಯನ್ನು ಮಾಡಿನ ಅಂಚಿನ ಕೊಕ್ಕೆಗೆ ಕಟ್ಟಿ ಅಲ್ಲಿಯೇ ಕತ್ತರಿಸಿ, ಫೈಬರ್ ಎಳೆಯನ್ನು ಮಾತ್ರ ಒಳಗೆ ತರಬೇಕು. ಹಲವು ಮನೆಗಳಲ್ಲಿ ಎರಡನ್ನೂ ಒಟ್ಟಿಗೆ ಪೆಟ್ಟಿಗೆಯವರೆಗೆ ತಂದಿರುವುದನ್ನು ನಾನು ಕಂಡಿದ್ದೇನೆ. ನಿಮ್ಮ ಮನೆಯಲ್ಲಿ ಹಾಗಿದ್ದರೆ ಮಳೆಗಾಲಕ್ಕೆ ಮೊದಲೇ ಲೈನ್‌ಮನ್ ಕರೆಸಿ ಸರಿಪಡಿಸಿಕೊಳ್ಳಿ. ಗುಡುಗು ಶುರುವಾಗುವ ಸೂಚನೆ ಕಂಡಾಗಲೇ ಎರಡೂ ಅಡಾಪ್ಟರುಗಳನ್ನು ಸಾಕೆಟ್ಟಿನಿಂದ ಕೀಳುವುದರ ಜೊತೆಗೆ, ಪೆಟ್ಟಿಗೆಗೂ ರೂಟರಿಗೂ ನಡುವಿನ ಲ್ಯಾನ್ ಕೇಬಲ್ಲನ್ನೂ ಕಿತ್ತಿಡಿ. ಅದರೊಳಗೆ ಇರುವುದು ತಾಮ್ರ; ಒಂದಕ್ಕೆ ತಗುಲಿದ ಹೊಡೆತ ಅದರ ಮೂಲಕವೇ ಇನ್ನೊಂದಕ್ಕೆ ದಾಟುತ್ತದೆ. ಹಸಿರು ಪಿನ್ನನ್ನು ಕೀಳಬೇಕಾಗಿಲ್ಲ. ಪದೇ ಪದೇ ಕಿತ್ತು ಹಾಕಿದರೆ ಧೂಳು ಕೂತು ಅದೇ ಕೆಡುತ್ತದೆ.